ಜಿಪ್ಸಿಯಂಥ ಹಳೆಯ ಕಾರಿಗೆ ಎಕ್ಸಾಸ್ಟ್ ಹೆಡರ್: ಆಯ್ಕೆ ಮತ್ತು ತುಕ್ಕಿನಿಂದ ರಕ್ಷಣೆ

ಮಲೆನಾಡು ಮತ್ತು ಕರಾವಳಿಯಲ್ಲಿ ಇನ್ನೂ ಓಡುತ್ತಿರುವ ಮಾರುತಿ ಜಿಪ್ಸಿ, ಹಳೆಯ ಹೊಂಡಾ ಸಿಟಿ ಮುಂತಾದ ಪೆಟ್ರೋಲ್ ಕಾರುಗಳ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ (ಎಲ್ಲ ಸಿಲಿಂಡರ್‌ಗಳ ಹೊಗೆಯನ್ನು ಒಂದುಗೂಡಿಸಿ ಸೈಲೆನ್ಸರ್ ಕಡೆಗೆ ಕಳಿಸುವ ಭಾಗ) ತೆಗೆಸಿ, ಅದೇ ಕೆಲಸ ಮಾಡುವ ಕೊಳವೆಗಳ ಹೆಡರ್ ಹಾಕಿಸಬೇಕೆಂದಿರುವವರು ಸಾಮಾನ್ಯವಾಗಿ ಮೊದಲು ಕೇಳುವುದು, ಎಂಜಿನ್ನಿನ ಶಕ್ತಿ ಎಷ್ಟು ಹೆಚ್ಚುತ್ತದೆ ಎಂಬುದನ್ನು. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಆ ಹೆಡರ್ ಯಾವ ಲೋಹದ್ದು, ಅದರ ವೆಲ್ಡಿಂಗ್ ಹೇಗಿದೆ ಮತ್ತು ನಮ್ಮ ಊರಿನ ಮಳೆಗೆ ಅದು ಎಷ್ಟು ಕಾಲ ತಾಳುತ್ತದೆ ಎಂಬುದನ್ನು. ಹೆಡರ್‌ಗೆ ತುಕ್ಕು ಹಿಡಿಯುವುದು ಅಥವಾ ಹಿಡಿಯದಿರುವುದು ಬಹುಮಟ್ಟಿಗೆ ಅದನ್ನು ಕೊಳ್ಳುವ ದಿನವೇ ತೀರ್ಮಾನವಾಗಿರುತ್ತದೆ. ಆಮೇಲೆ ಹಚ್ಚುವ ಪೇಂಟು ಒಳ್ಳೆಯ ಆಯ್ಕೆಯ ಆಯುಷ್ಯವನ್ನು ಹೆಚ್ಚಿಸಬಲ್ಲದೇ ಹೊರತು ಕೆಟ್ಟ ಆಯ್ಕೆಯನ್ನು ಸರಿಪಡಿಸಲಾರದು.

ಮೊದಲು ಕಾನೂನು ಮತ್ತು ಕಾರಿನ ವಿಚಾರ

ಮೋಟಾರು ವಾಹನ ಕಾಯ್ದೆ, 1988ರ ಕಲಂ 52 ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ ಕಲಂ 182ಎ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಆದ್ದರಿಂದ ರಸ್ತೆಯಲ್ಲಿ ಓಡಿಸುವ ಕಾರಿಗೆ ಹೆಡರ್ ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು, ರ‍್ಯಾಲಿ ಅಥವಾ ಆಟೋಕ್ರಾಸ್‌ಗೆಂದು ಸಿದ್ಧಪಡಿಸುವ ಕಾರಾದರೆ ಆಯಾ ವರ್ಗದ ನಿಯಮಪುಸ್ತಕವನ್ನು ಓದಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು. ಹೊಗೆಯ ವಿಷಾನಿಲಗಳನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಿನಿಂದ ಅದನ್ನು ತೆಗೆದುಹಾಕುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಅದು ನಾವು ಉಸಿರಾಡುವ ಗಾಳಿಗೆ ಸಂಬಂಧಿಸಿದ ವಿಷಯ.

ಹೊಸ ಕಾರುಗಳಲ್ಲಂತೂ ಹೆಡರ್ ಹಾಕಲು ಹಲವೊಮ್ಮೆ ಜಾಗವೇ ಇರುವುದಿಲ್ಲ. ಬಿಎಸ್6 ಮಾಲಿನ್ಯ ಮಿತಿಯ ಕಾರುಗಳಲ್ಲಿ ಕನ್ವರ್ಟರ್ ಬೇಗ ಬಿಸಿಯಾಗಲೆಂದು ಅದನ್ನು ಮ್ಯಾನಿಫೋಲ್ಡ್‌ಗೆ ಅಂಟಿಕೊಂಡಂತೆಯೇ ಇರಿಸಿರುತ್ತಾರೆ. ಫೋರ್ಡ್‌ನ 1.0 ಲೀಟರ್ ಇಕೋಬೂಸ್ಟ್ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನೊಂದಿಗೇ ಎರಕವಾಗಿರುವುದರಿಂದ ಬಿಚ್ಚಲು ಪ್ರತ್ಯೇಕವಾದ ಮ್ಯಾನಿಫೋಲ್ಡ್ ಎಂಬುದೇ ಇಲ್ಲ. ಹಾಗಾಗಿ ಮುಂದೆ ಹೇಳುವುದೆಲ್ಲ ಮ್ಯಾನಿಫೋಲ್ಡ್ ಬೇರೆಯಾಗಿಯೂ ಕನ್ವರ್ಟರ್ ಇದ್ದರೆ ಅದು ಕೆಳಗೆ ದೂರದಲ್ಲಿಯೂ ಇರುವ ಹಳೆಯ ಕಾರುಗಳಿಗೆ ಅನ್ವಯಿಸುತ್ತದೆ.

1.3 ಲೀಟರ್ ಜಿಪ್ಸಿಯಲ್ಲೇ ಎರಡು ಬಗೆಯಿವೆ. ಕಾರ್ಬ್ಯುರೇಟರ್ ಕಾಲದ 1.3 ಲೀಟರ್ ಎಂಜಿನ್ 8 ವಾಲ್ವ್‌ನದು. ನಂತರ ಬಂದ, ಇಂಜೆಕ್ಟರ್ ಮೂಲಕ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಜಿಪ್ಸಿ ಕಿಂಗ್‌ನ 1,298 ಸಿ.ಸಿ. ಎಂಜಿನ್ 16 ವಾಲ್ವ್‌ನದು. ಎರಡರ ಸಿಲಿಂಡರ್ ಹೆಡ್ ಬೇರೆ ಬೇರೆಯಾದ್ದರಿಂದ ಒಂದರ ಹೆಡರ್ ಇನ್ನೊಂದಕ್ಕೂ ಆಗುತ್ತದೆಂದು ನಂಬಿ ಹಣ ಕೊಡಬಾರದು. ಹಳೆಯ ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆ) ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಅದನ್ನು ಹೆಡರ್‌ನ ಫ್ಲ್ಯಾಂಜ್ (ಎಂಜಿನ್ನಿಗೆ ಬೋಲ್ಟ್ ಹಾಕಿ ಬಿಗಿಯುವ ಚಪ್ಪಟೆ ತಟ್ಟೆ) ಮೇಲಿಟ್ಟು, ಬೋಲ್ಟ್ ತೂತುಗಳೂ ಹೊಗೆ ಹೊರಬರುವ ಪೋರ್ಟ್‌ಗಳೂ ಒಂದರ ಮೇಲೊಂದು ಕೂರುತ್ತವೆಯೇ ಎಂದು ನೋಡುವುದಕ್ಕಿಂತ ಖಚಿತವಾದ ಪರೀಕ್ಷೆ ಇನ್ನೊಂದಿಲ್ಲ.

ಆಕಾರ ಮತ್ತು ಅಳತೆ

ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಎರಡು ಮುಖ್ಯ ವಿನ್ಯಾಸಗಳಿವೆ. ನಾಲ್ಕೂ ಕೊಳವೆಗಳು ಒಂದೇ ಕಡೆ ಕೂಡುವ 4-1 ವಿನ್ಯಾಸ ಹೆಚ್ಚಿನ ಆರ್‌ಪಿಎಂನಲ್ಲಿ ಅನುಕೂಲ. ಮೊದಲು ಎರಡೆರಡಾಗಿ ಸೇರಿ ಆಮೇಲೆ ಒಂದಾಗುವ 4-2-1 ವಿನ್ಯಾಸ ನಡುವಣ ಆರ್‌ಪಿಎಂನ ಎಳೆತಕ್ಕೆ ಒಳ್ಳೆಯದು. ಈ ಎಂಜಿನ್ನುಗಳ ಫೈರಿಂಗ್ ಕ್ರಮ (ಸಿಲಿಂಡರ್‌ಗಳು ಒಂದಾದ ಮೇಲೊಂದು ಉರಿಯುವ ಕ್ರಮ) ಸಾಮಾನ್ಯವಾಗಿ 1-3-4-2 ಆಗಿರುವುದರಿಂದ 4-2-1 ಹೆಡರ್‌ನಲ್ಲಿ 1 ಮತ್ತು 4ನೆಯ ಸಿಲಿಂಡರ್‌ಗಳ ಕೊಳವೆಗಳು ಒಂದು ಜೋಡಿ, 2 ಮತ್ತು 3ನೆಯವು ಇನ್ನೊಂದು ಜೋಡಿ ಆಗಿರಬೇಕು. ಆಗ ಒಂದೇ ಜೋಡಿಯ ಎರಡು ಸಿಲಿಂಡರ್‌ಗಳ ಹೊಗೆ ಕ್ರ್ಯಾಂಕ್‌ನ ಒಂದು ಪೂರ್ಣ ಸುತ್ತಿನ ಅಂತರದಲ್ಲಿ ಹೊರಬೀಳುತ್ತದೆ, ಒಂದು ಇನ್ನೊಂದಕ್ಕೆ ಅಡ್ಡಬರುವುದಿಲ್ಲ. ಪಕ್ಕಪಕ್ಕದ ಕೊಳವೆಗಳನ್ನು, ಅಂದರೆ 1 ಮತ್ತು 2ನ್ನು ಸೇರಿಸಿ ಬೆಸೆದಿರುವ ಹೆಡರ್ ಕಂಡರೆ, ಅದನ್ನು ಮಾಡಿದವರಿಗೆ ವಿಷಯ ತಿಳಿದಿಲ್ಲವೆಂದು ಅರ್ಥ.

ಘಾಟಿ ರಸ್ತೆಗೂ ಎಸ್ಟೇಟ್ ದಾರಿಗೂ 4-2-1 ವಿನ್ಯಾಸವೇ ಸರಿ. 1.3ರಿಂದ 1.6 ಲೀಟರ್‌ನ ಎಂಜಿನ್ನಿಗೆ 38 ಮಿ.ಮೀ. ಹೊರವ್ಯಾಸದ ಕೊಳವೆ ಸಾಕು. ದಪ್ಪ ಕೊಳವೆ ಹಾಕಿದರೆ ಹೊಗೆಯ ವೇಗ ತಗ್ಗಿ ಕೆಳಗಿನ ಆರ್‌ಪಿಎಂನ ಎಳೆತ ಇನ್ನೂ ಕಡಿಮೆಯಾಗುತ್ತದೆ. ಕೊಳವೆಯ ಗೋಡೆಯ ದಪ್ಪ 16 ಗೇಜ್, ಅಂದರೆ ಸುಮಾರು 1.6 ಮಿ.ಮೀ. ಇರಲಿ. 18 ಗೇಜ್‌ನ 1.2 ಮಿ.ಮೀ. ಗೋಡೆ ಹಗುರವೇನೋ ಹೌದು, ಆದರೆ ತುಕ್ಕು ತಿನ್ನಲು ಅಲ್ಲಿ ಲೋಹವೂ ಅಷ್ಟೇ ಕಡಿಮೆ. ಫ್ಲ್ಯಾಂಜ್ 10 ಮಿ.ಮೀ. ಆಸುಪಾಸಿನಲ್ಲಿರಬೇಕು, ತೆಳುವಾದ ಫ್ಲ್ಯಾಂಜ್ ವೆಲ್ಡಿಂಗ್ ಶಾಖಕ್ಕೂ ಎಂಜಿನ್ ಶಾಖಕ್ಕೂ ಡೊಂಕಾಗಿ ಗ್ಯಾಸ್ಕೆಟ್ ಸೋರಲು ದಾರಿಯಾಗುತ್ತದೆ.

ಲೋಹದ ಆಯ್ಕೆ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮಾರುಕಟ್ಟೆಯಲ್ಲಿ ಸಿಗುವ ಹೆಡರ್‌ಗಳು ಮುಖ್ಯವಾಗಿ ಎಂ.ಎಸ್., 409 ಸ್ಟೇನ್‌ಲೆಸ್ ಮತ್ತು 304 ಸ್ಟೇನ್‌ಲೆಸ್ ಎಂಬ ಮೂರು ಬಗೆಯವು. ಎಂ.ಎಸ್. ಅಂದರೆ ಸಾದಾ ಉಕ್ಕು ಅಗ್ಗ, ಬೆಸೆಯಲು ಸುಲಭ, ಬಿರುಕು ಬಿಟ್ಟರೆ ಯಾವ ಊರಿನ ವೆಲ್ಡಿಂಗ್ ಅಂಗಡಿಯಲ್ಲಾದರೂ ರಿಪೇರಿ ಆಗುತ್ತದೆ. ಆದರೆ ಬಿಸಿಯಾದಾಗ ಅದರ ಮೈಮೇಲೆ ಹೊಪ್ಪಳೆಯಂತೆ ಏಳುವ ಆಕ್ಸೈಡ್ ಪದರ ತಣ್ಣಗಾದಾಗ ಉದುರಿ, ಅಡಿಯ ಹೊಸ ಲೋಹ ಮತ್ತೆ ಗಾಳಿಗೂ ನೀರಿಗೂ ತೆರೆದುಕೊಳ್ಳುತ್ತದೆ. ದಿನವೂ ಬಿಸಿಯಾಗಿ ತಣಿಯುವ ಹೆಡರ್‌ನಲ್ಲಿ ಇದು ನಿಲ್ಲುವುದೇ ಇಲ್ಲ.

409 ದರ್ಜೆಯಲ್ಲಿ ಸುಮಾರು ಶೇ. 11ರಷ್ಟು ಕ್ರೋಮಿಯಂ ಇರುತ್ತದೆ. ಕಾರು ಕಂಪನಿಗಳು ಸೈಲೆನ್ಸರ್ ವ್ಯವಸ್ಥೆಗೆ ಹೆಚ್ಚಾಗಿ ಬಳಸುವ ಲೋಹ ಇದು. ಮೇಲ್ಮೈ ಕಂದುಬಣ್ಣಕ್ಕೆ ತಿರುಗಿದರೂ ತೂತು ಬೀಳಲು ಬಹಳ ಕಾಲ ಬೇಕು. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇದ್ದು ತುಕ್ಕಿಗೆ ಹೆಚ್ಚು ತಾಳುತ್ತದೆ. ಹೊಸ 304 ಹೆಡರ್ ಮೊದಲ ಓಟದ ನಂತರ ಹೊಂಬಣ್ಣಕ್ಕೋ ನೀಲಿಗೋ ತಿರುಗಿದರೆ ಗಾಬರಿಯಾಗಬೇಕಿಲ್ಲ. ಅದು ಶಾಖದಿಂದಾದ ತೆಳು ಆಕ್ಸೈಡ್ ಪೊರೆ, ತುಕ್ಕಲ್ಲ. ಟರ್ಬೊ ಎಂಜಿನ್ನಿನ ತೀವ್ರ ಶಾಖಕ್ಕೆ ಟೈಟಾನಿಯಂ ಬೆರೆತ 321 ದರ್ಜೆ ಹೆಚ್ಚು ಸೂಕ್ತವಾದರೂ ಜಿಪ್ಸಿಗೆ ಅದರ ಅಗತ್ಯವಿಲ್ಲ.

304ಕ್ಕೂ ತನ್ನದೇ ಆದ ತೊಂದರೆಗಳಿವೆ. ಒಂದು, ಅದು ಬಿಸಿಗೆ ಹೆಚ್ಚು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ 304 ಕೊಳವೆ 600 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 5 ಮಿ.ಮೀ. ಉದ್ದವಾಗುತ್ತದೆ. ಎರಡು ತುದಿಯನ್ನೂ ಬಿಗಿದಿಟ್ಟರೆ ಆ 5 ಮಿ.ಮೀ. ವೆಲ್ಡಿಂಗನ್ನೇ ಸೀಳುತ್ತದೆ, ಆದ್ದರಿಂದ ಒಂದರೊಳಗೊಂದು ಜಾರುವ ಜಾಯಿಂಟ್ ಅಥವಾ ಹೆಡರ್‌ನ ಕೆಳಗೆ ಹೆಣೆದ ಫ್ಲೆಕ್ಸ್ ಪೈಪ್ ಇರಲೇಬೇಕು. ಎರಡು, ಉಪ್ಪು. ಸಮುದ್ರದ ಗಾಳಿಯ ಕ್ಲೋರೈಡ್ 304ರ ರಕ್ಷಕ ಪೊರೆಯನ್ನು ಅಲ್ಲಲ್ಲಿ ಚುಚ್ಚಿ ಸಣ್ಣ ಕುಳಿಗಳನ್ನು ಮಾಡಬಲ್ಲದು. ಆದರೂ ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ನನ್ನ ಸಲಹೆ 304 ಎಂದೇ. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ 409, ಅಥವಾ ಚೆನ್ನಾಗಿ ಸಿರಾಮಿಕ್ ಕೋಟಿಂಗ್ ಮಾಡಿಸಿದ ಎಂ.ಎಸ್. ಕೂಡ ಸಾಕಾಗುತ್ತದೆ.

ಕೊಳ್ಳುವವರು ಎಚ್ಚರ ವಹಿಸಬೇಕಾದ ಇನ್ನೊಂದು ವಿಷಯವಿದೆ. ಅಂಗಡಿಯಲ್ಲಿ ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) ಎಂದು ಕೊಡುವ ಕೊಳವೆ 200 ಸರಣಿಯದಾಗಿರಬಹುದು. ಅದರಲ್ಲಿ ದುಬಾರಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿರುತ್ತಾರೆ. ಹೊಳಪು ಒಂದೇ, ತುಕ್ಕು ತಡೆಯುವ ಗುಣ ಒಂದೇ ಅಲ್ಲ. ಅಯಸ್ಕಾಂತದ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬಾರದು. ಏಕೆಂದರೆ ಅಯಸ್ಕಾಂತ 304ಕ್ಕೂ ಅಂಟುವುದಿಲ್ಲ, 202ಕ್ಕೂ ಅಂಟುವುದಿಲ್ಲ, ಒಳ್ಳೆಯ ಲೋಹವಾದ 409ಕ್ಕೆ ಮಾತ್ರ ಗಟ್ಟಿಯಾಗಿ ಅಂಟುತ್ತದೆ. ಸ್ಟೀಲ್ ವ್ಯಾಪಾರಿಗಳ ಬಳಿ ಮ್ಯಾಂಗನೀಸ್ ಪತ್ತೆಮಾಡುವ ದ್ರಾವಣದ ಪುಟ್ಟ ಶೀಶೆ ಇರುತ್ತದೆ. ಕೊಳವೆಯ ಒಂದು ಮೂಲೆಯನ್ನು ಉಜ್ಜಿ ಶುಚಿಮಾಡಿ, ಒಂದು ಹನಿ ಬಿಟ್ಟು, ಸಣ್ಣ ಬ್ಯಾಟರಿಯ ತಂತಿ ತಾಗಿಸಿದರೆ 200 ಸರಣಿಯದಾದಲ್ಲಿ ಹನಿ ಬೇಗನೆ ಕೆಂಪಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳಿ, ಊರಿನ ಫ್ಯಾಬ್ರಿಕೇಟರ್ ಬಳಿ ಮಾಡಿಸಿ, ಹಣ ಕೊಡುವ ಮೊದಲು ಈ ಪರೀಕ್ಷೆಯನ್ನು ಕೇಳುವ ಹಕ್ಕು ನಿಮಗಿದೆ. ಬಿಲ್ಲಿನಲ್ಲಿ ದರ್ಜೆಯ ಸಂಖ್ಯೆಯನ್ನು ಬರೆಸಿಕೊಳ್ಳಿ.

ಜಿ.ಐ., ಅಂದರೆ ಸತುವಿನ ಲೇಪವಿರುವ ಪೈಪಿನಿಂದ ಹೆಡರ್ ಮಾಡಿಕೊಡುತ್ತೇವೆ, ತುಕ್ಕೇ ಹಿಡಿಯುವುದಿಲ್ಲ ಎನ್ನುವವರ ಮಾತನ್ನು ಖಂಡಿತ ಕೇಳಬಾರದು. ಸತು 419 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಹೆಡರ್‌ನ ಮೈ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಾಗುತ್ತದೆ. ವೆಲ್ಡಿಂಗ್ ಮಾಡುವಾಗ ಏಳುವ ಸತುವಿನ ಹೊಗೆ ಬೆಸೆಯುವವರಿಗೆ ಜ್ವರ ಬರಿಸುತ್ತದೆ. ಇದೇ ಕಾರಣಕ್ಕೆ ಸತು ಬೆರೆತ ಪ್ರೈಮರನ್ನೂ ಹೆಡರ್‌ಗೆ ಹಚ್ಚಬಾರದು.

ವೆಲ್ಡಿಂಗ್ ನೋಡುವ ಬಗೆ

ಹೊರಗಿನ ವೆಲ್ಡಿಂಗ್ ಸಾಲು ಎಷ್ಟೇ ಅಂದವಾಗಿರಲಿ, ಒಂದು ಟಾರ್ಚ್ ಹಿಡಿದು ಪೋರ್ಟ್‌ನ ಒಳಗಿನಿಂದ ನೋಡಬೇಕು. ಸ್ಟೇನ್‌ಲೆಸ್ ಕೊಳವೆಯನ್ನು ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಬೆಸೆಯುವ ಟಿಗ್ ವೆಲ್ಡಿಂಗ್ ಮಾಡುವಾಗ ಕೊಳವೆಯ ಒಳಗೂ ಆರ್ಗಾನ್ ಹರಿಸದಿದ್ದರೆ ಬೆಸುಗೆಯ ಒಳಮೈ ಕಪ್ಪಾಗಿ, ಸುಟ್ಟ ಸಕ್ಕರೆಯ ಹಾಗೆ ಒರಟಾಗಿ ಉಬ್ಬಿಕೊಳ್ಳುತ್ತದೆ. ಅಲ್ಲಿನ ಕ್ರೋಮಿಯಂ ಸುಟ್ಟುಹೋಗಿರುತ್ತದೆ, ಬಿರುಕೂ ತುಕ್ಕೂ ಅಲ್ಲಿಂದಲೇ ಶುರುವಾಗುತ್ತವೆ. ಒಳಗೆ ನಯವಾಗಿ, ತಿಳಿಬಣ್ಣದಲ್ಲಿ ಕಾಣುವ ಬೆಸುಗೆ ಒಳ್ಳೆಯದು. ನೀವೇ ಮಾಡಿಸುವುದಾದರೆ 304 ಕೊಳವೆಗೆ 308ಎಲ್ ಫಿಲ್ಲರ್ ಕಡ್ಡಿ, 304 ಕೊಳವೆಯನ್ನು ಎಂ.ಎಸ್. ಫ್ಲ್ಯಾಂಜ್‌ಗೆ ಬೆಸೆಯಬೇಕಾದಲ್ಲಿ 309ಎಲ್ ಕಡ್ಡಿ ಬಳಸಲು ಹೇಳಿ. ಎಂ.ಎಸ್. ಉಜ್ಜಿದ ವೈರ್ ಬ್ರಷ್‌ನಿಂದಲೋ ಗ್ರೈಂಡಿಂಗ್ ಚಕ್ರದಿಂದಲೋ ಸ್ಟೇನ್‌ಲೆಸ್ ಅನ್ನು ಉಜ್ಜಬಾರದು. ಅದರ ಕಬ್ಬಿಣದ ಕಣಗಳು ಸ್ಟೇನ್‌ಲೆಸ್ ಮೈಯಲ್ಲಿ ಸೇರಿಕೊಂಡು ಮೊದಲ ಮಳೆಗೇ ಕೆಂಪು ಚುಕ್ಕೆಗಳಾಗಿ ಕಾಣಿಸಿಕೊಳ್ಳುತ್ತವೆ. ಆಮೇಲೆ ಜನ ದೂರುವುದು 304 ದರ್ಜೆಯನ್ನು.

ಫ್ಲ್ಯಾಂಜ್ ಸಮತಟ್ಟಾಗಿದೆಯೇ ಎಂದು ನೋಡಲು ಅದನ್ನು ದಪ್ಪ ಗಾಜಿನ ಹಲಗೆಯ ಮೇಲೆ ಬೋರಲಾಗಿ ಇಟ್ಟು ಸುತ್ತಲೂ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ ನೋಡಬೇಕು. 0.2 ಮಿ.ಮೀ. ಎಲೆ ಎಲ್ಲಾದರೂ ಸಲೀಸಾಗಿ ಒಳಹೋದರೆ ಫ್ಲ್ಯಾಂಜ್ ಮುಖವನ್ನು ಲೇತ್ ವರ್ಕ್‌ಶಾಪಿನಲ್ಲಿ ಸಮತಟ್ಟು ಮಾಡಿಸಿಯೇ ಕೂರಿಸಬೇಕು.

ತುಕ್ಕಿನಿಂದ ರಕ್ಷಣೆ

ನೀರು ಹೆಡರ್‌ಗೆ ಮಳೆಯಿಂದ ಮಾತ್ರ ಬರುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಹಬೆಯಾಗಿ ಹೊರಬರುತ್ತದೆ. ಮನೆಯಿಂದ ಪೇಟೆಗೆ ಹೋಗಿ ಐದು ನಿಮಿಷಕ್ಕೆ ಎಂಜಿನ್ ನಿಲ್ಲಿಸುವ ಕಾರಿನಲ್ಲಿ ಆ ಹಬೆ ತಣ್ಣನೆಯ ಕೊಳವೆಯೊಳಗೇ ಹನಿಗಟ್ಟಿ ನಿಲ್ಲುತ್ತದೆ. ಹೊರಗಿನಿಂದ ಎಸ್ಟೇಟ್ ದಾರಿಯ ಕೆಸರು ಮೆತ್ತಿಕೊಂಡು ತೇವವನ್ನು ದಿನಗಟ್ಟಲೆ ಹಿಡಿದಿಡುತ್ತದೆ. ಹಳ್ಳ ದಾಟುವಾಗ ಕಾದ ಹೆಡರ್‌ಗೆ ತಣ್ಣೀರು ಎರಚಿದರೆ ಪೇಂಟಿನ ಪದರ ಸೂಕ್ಷ್ಮವಾಗಿ ಬಿರುಕು ಬಿಡುತ್ತದೆ. ಈ ಮೂರನ್ನೂ ಮನಸ್ಸಿನಲ್ಲಿಟ್ಟು ರಕ್ಷಣೆಯ ಕ್ರಮವನ್ನು ಆರಿಸಬೇಕು.

ಎಂ.ಎಸ್. ಹೆಡರ್‌ಗೆ ಎಲ್ಲಕ್ಕಿಂತ ಒಳ್ಳೆಯದು ಒಳಗೂ ಹೊರಗೂ ಮಾಡುವ ಸಿರಾಮಿಕ್ ಕೋಟಿಂಗ್. ಅದನ್ನು ಹೊಸ ಹೆಡರ್‌ಗೆ, ಒಮ್ಮೆಯೂ ಎಂಜಿನ್ ಚಾಲೂ ಮಾಡಿ ಬಿಸಿಮಾಡುವ ಮೊದಲೇ ಮಾಡಿಸಬೇಕು. ಆದರೆ ಹೆಡರ್ ಸರಿಯಾಗಿ ಕೂರುತ್ತದೆಯೇ, ಸ್ಟಿಯರಿಂಗ್ ಕಾಲಮ್‌ಗೋ ಚಾಸಿಗೋ ತಾಗುತ್ತದೆಯೇ ಎಂದು ಕೋಟಿಂಗ್‌ಗೆ ಕೊಡುವ ಮುಂಚೆ ಕೂರಿಸಿ ನೋಡಿ ಬಿಚ್ಚಿಕೊಳ್ಳಬೇಕು, ಎಂಜಿನ್ ಮಾತ್ರ ಚಾಲೂ ಮಾಡಬಾರದು. ಕೋಟಿಂಗ್ ಆದ ನಂತರ ಸುತ್ತಿಗೆ ಪೆಟ್ಟಾಗಲಿ ಗ್ರೈಂಡರ್ ಆಗಲಿ ತಾಗುವಂತಿಲ್ಲ.

ಸಿರಾಮಿಕ್ ಕೈಗೆಟುಕದಿದ್ದರೆ ಹೆಚ್ಚಿನ ಶಾಖ ತಾಳುವ ಸಿಲಿಕೋನ್ ಆಧಾರಿತ ಪೇಂಟು ಇದೆ. ಡಬ್ಬಿಯ ಮೇಲೆ ಕನಿಷ್ಠ 600 ಡಿಗ್ರಿ ಸೆಲ್ಸಿಯಸ್ ಎಂದಿರಬೇಕು; ಬೈಕಿನ ಸೈಲೆನ್ಸರ್‌ಗೆಂದು ಮಾರುವ 200-300 ಡಿಗ್ರಿಯ ಪೇಂಟು ಇಲ್ಲಿ ಒಂದೇ ಓಟಕ್ಕೆ ಸುಟ್ಟು ಉದುರುತ್ತದೆ. ಈ ಕೆಲಸದ ಮುಕ್ಕಾಲು ಪಾಲು ಪೇಂಟ್ ಹಚ್ಚುವುದಕ್ಕೆ ಮುಂಚೆಯೇ ಮುಗಿದಿರುತ್ತದೆ. ಗ್ಯಾಸ್ಕೆಟ್ ಮುಖಕ್ಕೂ, ಹೊಗೆಯ ಆಮ್ಲಜನಕ ಅಳೆಯುವ ಸೆನ್ಸರ್‌ನ ತಿರುಪು ಎಳೆಗಳಿಗೂ ಟೇಪ್ ಸುತ್ತಿ ಮುಚ್ಚಿ, ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ, ಲೋಹ ಬೂದುಬಣ್ಣಕ್ಕೆ ಒಂದೇ ಸಮನೆ ಬರುವಂತೆ ನೋಡಿಕೊಳ್ಳಬೇಕು. ಬ್ಲಾಸ್ಟಿಂಗ್ ಸಿಗದ ಊರಿನಲ್ಲಿ 80ರ ಎಮರಿ ಕಾಗದದಿಂದ ಉಜ್ಜಬಹುದು, ಆದರೆ ಕೊಳವೆಗಳ ಸಂದಿಗಳಲ್ಲಿ ಕೈ ಆಡದ ಕಡೆಯೇ ಮುಂದೆ ತುಕ್ಕು ಏಳುತ್ತದೆಂಬುದನ್ನು ಮರೆಯಬಾರದು. ಉಜ್ಜಿದ ಮೇಲೆ ಅಸಿಟೋನ್‌ನಿಂದ ಎರಡು ಸಲ ಒರೆಸಿ, ಅಲ್ಲಿಂದಾಚೆ ಬರಿಗೈಯಲ್ಲಿ ಮುಟ್ಟದೆ, ಅದೇ ದಿನ ಪೇಂಟ್ ಮಾಡಬೇಕು. ಆಷಾಢದ ಹವೆಯಲ್ಲಿ ಬರಿಯ ಉಕ್ಕು ರಾತ್ರಿ ಬೆಳಗಾಗುವುದರೊಳಗೆ ಕೆಂಪಾಗುತ್ತದೆ. ಈ ಕೆಲಸವನ್ನು ಬೇಸಿಗೆಯಲ್ಲಿ ಇಟ್ಟುಕೊಳ್ಳುವುದೇ ಜಾಣತನ.

ಪೇಂಟನ್ನು ತೆಳುವಾಗಿ ಎರಡು ಮೂರು ಪದರ ಹಚ್ಚಬೇಕು. ದಪ್ಪಗೆ ಹಚ್ಚಿದರೆ ಒಳಗಿನ ಥಿನ್ನರ್ ಬಿಸಿಗೆ ಕುದಿದು ಬೊಬ್ಬೆ ಏಳುತ್ತದೆ. ಒಣಗಿದ ಪೇಂಟು ಇನ್ನೂ ಗಟ್ಟಿಯಾಗಿರುವುದಿಲ್ಲ, ಅದನ್ನು ಹಂತಹಂತವಾಗಿ ಬೇಯಿಸಬೇಕು. ಡಬ್ಬಿಯ ಮೇಲಿನ ಸೂಚನೆಯೇ ಇಲ್ಲಿ ಪ್ರಮಾಣ. ಸಾಮಾನ್ಯ ಕ್ರಮವೆಂದರೆ 120 ಡಿಗ್ರಿಯಲ್ಲಿ ಅರ್ಧ ಗಂಟೆ, ತಣಿಯಲು ಅರ್ಧ ಗಂಟೆ, ನಂತರ ಸುಮಾರು 200 ಡಿಗ್ರಿಯಲ್ಲಿ ಅರ್ಧ ಗಂಟೆ, ಮತ್ತೆ ತಣಿಸಿ, ಕೊನೆಗೆ 315 ಡಿಗ್ರಿಯಲ್ಲಿ ಅರ್ಧ ಗಂಟೆ. ಮೊದಲಿನ ಎರಡು ಹಂತಗಳನ್ನು ಪೌಡರ್ ಕೋಟಿಂಗ್ ಅಂಗಡಿಯ ಒಲೆಯಲ್ಲಿ ಮಾಡಿಸಿ, ಕೊನೆಯದನ್ನು ಕಾರಿಗೆ ಕೂರಿಸಿದ ಮೇಲೆ ಎಂಜಿನ್ನಿನ ಶಾಖದಿಂದಲೇ ಮುಗಿಸಬಹುದು. ಒಲೆಯೇ ಸಿಗದಿದ್ದರೆ ಎಂಜಿನ್ನನ್ನು ಹತ್ತು ನಿಮಿಷ ಐಡಲ್‌ನಲ್ಲಿ ಓಡಿಸಿ ಪೂರ್ತಿ ತಣಿಸುವುದು, ಮತ್ತೆ ಇಪ್ಪತ್ತು ನಿಮಿಷ ಓಡಿಸಿ ತಣಿಸುವುದು, ಆಮೇಲೆ ರಸ್ತೆಯ ಮೇಲೆ ಅರ್ಧ ಗಂಟೆ ನಿಧಾನವಾಗಿ ಓಡಿಸುವುದು. ಈ ಹೊತ್ತಿನಲ್ಲಿ ಏಳುವ ಹೊಗೆ ಆರೋಗ್ಯಕ್ಕೆ ಒಳ್ಳೆಯದಲ್ಲ. ಮುಚ್ಚಿದ ಶೆಡ್ಡಿನಲ್ಲಿ ಮಾಡಬಾರದು, ಅಡುಗೆಮನೆಯ ಓವನ್ ಅಂತೂ ಮುಟ್ಟಲೇಬಾರದು.

304 ಹೆಡರ್‌ಗೆ ಪೇಂಟು ಬೇಕಿಲ್ಲ. ಕೂರಿಸಿದ ಮೇಲೆ, ಮೊದಲ ಸಲ ಚಾಲೂ ಮಾಡುವ ಮೊದಲು, ಅಸಿಟೋನ್‌ನಿಂದ ಚೆನ್ನಾಗಿ ಒರೆಸಿದರೆ ಸಾಕು. ಎಣ್ಣೆಗೈಯ ಗುರುತು ಬಿಸಿಗೆ ಸುಟ್ಟು ಶಾಶ್ವತವಾಗಿ ಉಳಿಯುತ್ತದೆ.

ಹೆಡರ್‌ಗೆ ಸುತ್ತುವ ಗಾಜಿನ ನಾರಿನ ಪಟ್ಟಿಯ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಅದು ಬಾನೆಟ್ ಒಳಗಿನ ಬಿಸಿಯನ್ನು ಕಡಿಮೆ ಮಾಡುವುದು ನಿಜ. ಆದರೆ ಆ ಬಿಸಿ ಕೊಳವೆಯಲ್ಲೇ ಉಳಿದು ಲೋಹವನ್ನು ಹೆಚ್ಚು ಕಾಯಿಸುತ್ತದೆ, ಮಳೆಗಾಲದಲ್ಲಿ ಪಟ್ಟಿ ನೀರು ಹೀರಿ ಅದನ್ನು ಲೋಹಕ್ಕೆ ಒತ್ತಿ ಹಿಡಿದಿಡುತ್ತದೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ಎಂ.ಎಸ್. ಹೆಡರ್‌ಗೆ ಪಟ್ಟಿ ಸುತ್ತುವುದೆಂದರೆ ತುಕ್ಕನ್ನು ಕಣ್ಣಿಗೆ ಕಾಣದಂತೆ ಬೆಳೆಸುವುದೇ ಸರಿ. ಪೆಟ್ರೋಲ್ ಪೈಪು, ಬ್ರೇಕ್ ಪೈಪು, ವೈರಿಂಗ್ ಹತ್ತಿರದಲ್ಲಿದ್ದರೆ ಕೊಳವೆಗೂ ಅವಕ್ಕೂ ನಡುವೆ ಗಾಳಿಯಾಡುವ ಹಾಗೆ ಅಲ್ಯೂಮಿನಿಯಂ ತಗಡಿನ ಹೀಟ್ ಶೀಲ್ಡ್ ಕೂರಿಸುವುದು ಉತ್ತಮ.

ಕೂರಿಸುವಾಗ

ಹೆಡ್ಡಿನಿಂದ ಚಾಚಿರುವ, ನಟ್ ಕೂರಿಸುವ ಹಳೆಯ ಸ್ಟಡ್‌ಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಹಿಂದಿನ ದಿನವೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟಿರಬೇಕು. ಬಲವಂತ ಮಾಡಿ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಸ್ಟಡ್ ಮುರಿದರೆ ಅದನ್ನು ತೆಗೆಸುವ ಖರ್ಚು ಹೆಡರ್‌ನ ಬೆಲೆಯನ್ನೇ ಮೀರಬಹುದು. ಹೊಸ ಗ್ಯಾಸ್ಕೆಟ್, ಹೊಸ ನಟ್ ಬಳಸಿ, ತಿರುಪು ಎಳೆಗಳಿಗೆ, ಅವು ಕಚ್ಚಿಕೊಳ್ಳದಂತೆ, ನಿಕ್ಕಲ್ ಬೆರೆತ ಆ್ಯಂಟಿ-ಸೀಜ್ ಪೇಸ್ಟ್ ತೆಳುವಾಗಿ ಹಚ್ಚಿ, ನಡುವಿನಿಂದ ಹೊರಕ್ಕೆ ಹಂತಹಂತವಾಗಿ ವರ್ಕ್‌ಶಾಪ್ ಕೈಪಿಡಿಯ ಟಾರ್ಕ್‌ಗೆ ಬಿಗಿಯಬೇಕು. ಪೇಸ್ಟ್ ಹಚ್ಚಿದ ಎಳೆ ಸುಲಭವಾಗಿ ತಿರುಗುವುದರಿಂದ ಅಂದಾಜಿನ ಮೇಲೆ ಬಿಗಿದರೆ ಸ್ಟಡ್ ಹಿಗ್ಗಿ ಹಾಳಾಗುವ ಸಾಧ್ಯತೆ ಹೆಚ್ಚು. ಒಂದೆರಡು ಸಲ ಬಿಸಿಯಾಗಿ ತಣಿದ ನಂತರ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಮತ್ತೊಮ್ಮೆ ಬಿಗಿ ನೋಡಬೇಕು.

ಆಕ್ಸಿಜನ್ ಸೆನ್ಸರ್ ಇರುವ ಕಾರಾದರೆ ಅದರ ತೂತು ಅಡ್ಡರೇಖೆಗಿಂತ ಕನಿಷ್ಠ 10 ಡಿಗ್ರಿ ಮೇಲ್ಮುಖವಾಗಿರಬೇಕು, ಇಲ್ಲವಾದರೆ ಹನಿಗಟ್ಟಿದ ನೀರು ಸೆನ್ಸರ್‌ನ ಕಾದ ಸಿರಾಮಿಕ್ ತುದಿಗೆ ತಾಗಿ ಅದು ಒಡೆಯುತ್ತದೆ. ಅಲ್ಲಿ ಸಾಮಾನ್ಯ ಸಿಲಿಕೋನ್ ಸೀಲಂಟ್ ಬಳಸಬಾರದು. ಅದರ ಆವಿ ಸೆನ್ಸರನ್ನು ಕೆಡಿಸುತ್ತದೆ. ಸೆನ್ಸರ್‌ಗಿಂತ ಮೇಲೆ ಎಲ್ಲಿ ಸೋರಿಕೆಯಿದ್ದರೂ ಹೊರಗಾಳಿ ಒಳಸೇರಿ, ಪೆಟ್ರೋಲ್ ಕಡಿಮೆಯಾಗಿದೆಯೆಂದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ತಪ್ಪಾಗಿ ಅಂದಾಜಿಸಿ ಹೆಚ್ಚು ಸುರಿಯುತ್ತದೆ. ಹೆಡರ್ ಹಾಕಿದ ಮೇಲೆ ಮೈಲೇಜ್ ಬಿತ್ತು ಎನ್ನುವ ದೂರಿಗೆ ಹಲವೊಮ್ಮೆ ಇದೇ ಮೂಲ.

ಆಮೇಲಿನ ನಿಗಾ

ಮೇ ತಿಂಗಳಲ್ಲೊಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲೊಮ್ಮೆ ಕಾರನ್ನು ಲಿಫ್ಟ್ ಮೇಲೆ ಹತ್ತಿಸಿ ಹೆಡರ್‌ನ ಬೆಸುಗೆಗಳನ್ನೂ ಕೊಳವೆಗಳು ಕೂಡುವ ಸಂದಿಯನ್ನೂ ನೋಡಬೇಕು. ಪಣಂಬೂರು, ಮಲ್ಪೆಯಂಥ ಕಡಲತೀರದಲ್ಲಿ ಓಡಾಡಿ ಬಂದರೆ ಎಂಜಿನ್ ತಣಿದ ನಂತರ ಸಿಹಿನೀರಿನಿಂದ ಅಡಿಭಾಗವನ್ನು ತೊಳೆದು, ಆಮೇಲೆ ನೀರು ಆರುವಷ್ಟು ದೂರ ಕಾರನ್ನು ಓಡಿಸಬೇಕು. ಪೇಂಟು ಕಿತ್ತ ಜಾಗ ಕಂಡರೆ ಸುತ್ತಲಿನ ಗಟ್ಟಿ ಪೇಂಟು ಸಿಗುವವರೆಗೆ ಉಜ್ಜಿ, ಒರೆಸಿ, ಅಷ್ಟಕ್ಕೇ ಮತ್ತೆ ಹಚ್ಚಿ ಬೇಯಿಸಬಹುದು. ಸೋರಿಕೆಯಿರುವಲ್ಲಿ ಬೂದುಬಣ್ಣದ ಮಸಿಯ ಗೆರೆ ಮೂಡಿರುತ್ತದೆ. ಅಂಥಲ್ಲಿ ಎಕ್ಸಾಸ್ಟ್ ಪೇಸ್ಟ್ ಮೆತ್ತಿ ದಿನ ದೂಡುವುದಕ್ಕಿಂತ ಹೆಡರ್ ಬಿಚ್ಚಿಸಿ, ಸುತ್ತಲಿನ ಲೋಹವನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ, ಅದು ಗಟ್ಟಿಯಿದ್ದರೆ ಬೆಸೆಸಬೇಕು. ಚುಚ್ಚಿದಲ್ಲಿ ಲೋಹ ಒಳಕ್ಕೆ ತಗ್ಗಿದರೆ ಆ ಕೊಳವೆಯನ್ನೇ ಕತ್ತರಿಸಿ ಹೊಸ ತುಂಡು ಹಾಕಿಸಬೇಕು.